ಒಂದಿಂಚು ಒಳಗೆ

ಮತ್ತೆ ವಿಲ್ಮಾಳ ಚೂಡಿದಾರದ ಬದಿ ಬಿಚ್ಚುತ್ತಿದ್ದೇನೆ,
ಕ್ರಿಸ್ಮಸ್ಸಿನಿಂದ ಇದು ಮೂರನೇ ಸಲ.
ಫಳ್ನೀರಿನ ಇಳಿಜಾರಲ್ಲಿ ಅಂಗಡಿ;
ಹನ್ನೊಂದಕ್ಕೇ ಹಿಂದಿನ ಮನೆಯಿಂದ
ಬಂಗುಡೆ ಗಸಿಯ ಪರಿಮಳ.
ತಂಗಿ ತಲೆ ಎತ್ತುತ್ತಾಳೆ.
ಮೂರು ಬನ್ಸ್ ತಿಂದು
ಇನ್ನೂ ಅರ್ಧ ಗಂಟೆ ಆಗಿಲ್ಲ.

ಡಾಕ್ಟರಮ್ಮ ಚೀಟಿಯ ಬೆನ್ನಲ್ಲಿ ಬರೆದು ತೋರಿಸಿದ್ದರು:
ತಲೆಯ ನಡುವೆ ಬಾದಾಮಿಯಷ್ಟೇ ಜಾಗ,
ಹಸಿವಿನ ಲೆಕ್ಕ ಬರೆಯುವುದು ಅಲ್ಲಂತೆ.
ಹೊಟ್ಟೆ ಹೇಳಿಕಳಿಸುತ್ತದೆ, ಖಾಲಿ.
ಕೊಬ್ಬು ಹೇಳಿಕಳಿಸುತ್ತದೆ, ಸಾಕು, ಬೇಕಾದಷ್ಟು ಉಂಟು.
ಗ್ರೆಲಿನ್, ಲೆಪ್ಟಿನ್ –
ಹಳೆ ಕಾಲದ ಇಟಲಿ ಪಾದ್ರಿಗಳ ಹೆಸರಿನ ಹಾಗೆ ಕೇಳಿತು ನನಗೆ.
ರಾತ್ರಿಯ ಮಾತ್ರೆ ಭ್ರಮೆಯ ಬಾಗಿಲು ಹಾಕುವಾಗ
ಪಕ್ಕದ ಎರಡನ್ನೂ ಎಳೆದುಕೊಳ್ಳುತ್ತದಂತೆ,
ಹಿಸ್ಟಮಿನ್ನಿನದು ಒಂದು, ಸೆರೊಟೋನಿನ್ನಿನದು ಒಂದು.
'ಸಾಕು' ಎಂಬ ಕಾಗದ ಹೊರಗೇ ಬಿದ್ದಿರುತ್ತದೆ.
ಲೆಕ್ಕದವನು ಬರಗಾಲವೆಂದು ತಿಳಿದು
ಖರ್ಚು ಇಳಿಸುತ್ತಾನೆ, ಉಗ್ರಾಣ ತುಂಬುತ್ತಾನೆ.
"ಇವಳು ಆಸೆಬುರುಕಿ ಅಲ್ಲ," ಎಂದರು.
ಅದನ್ನು ಅಮ್ಮನಿಗೆ ಕೊಂಕಣಿಯಲ್ಲಿ ಎರಡು ಸಲ ಹೇಳಿದೆ.

ಅಮ್ಮ ಈಗಲೂ ಡಬ್ಬಗಳ ಕಪಾಟಿಗೆ ಬೀಗ ಹಾಕುತ್ತಾಳೆ.

ಅದಕ್ಕೂ ಹಿಂದಿನ ವರ್ಷ ಫ್ಯಾನಿನ ರೆಕ್ಕೆಯಿಂದ ಯಾರೋ
ವಿಲ್ಮಾಳನ್ನು ಪೂರ್ತಿ ಹೆಸರು ಹಿಡಿದು ಕರೆಯುತ್ತಿದ್ದರು.
ಗಂಜಿಯಲ್ಲಿ ಸೀಮೆಎಣ್ಣೆ ಉಂಟೆಂದು
ಬಟ್ಟಲು ದೂಡುತ್ತಿದ್ದಳು.
ಸೊಂಟ ಇಪ್ಪತ್ತನಾಲ್ಕಕ್ಕೆ ಇಳಿದದ್ದು
ಟೇಪು ಹಿಡಿದ ನನ್ನ ಕೈಗೆ ಗೊತ್ತು.
ಅಣ್ಣನ ರೋಸಿನ ದಿನ, ತೆಂಗಿನ ಹಾಲು ಕೈಯಲ್ಲಿರುವಾಗಲೇ ನೆಂಟರು:
"ಎಷ್ಟು ಚಂದ ಆಗಿದ್ದೀ ಮಾರಾಯ್ತಿ, ಎಂತ ಮಾಡಿದ್ದು?"
ಅವಳು ಉತ್ತರ ಕೊಡಲಿಲ್ಲ.
ಬೇರೆಯವರ ಮಾತು ಕೇಳುತ್ತಿದ್ದಳು.

ಅದೇ ನೆಂಟರು ಈಗ ಕದ್ರಿ ಗುಡ್ಡ ಹತ್ತಿಸು ಎನ್ನುತ್ತಾರೆ,
ಬರಿ ಹೊಟ್ಟೆಗೆ ಜೀರಿಗೆ ನೀರು ಕೊಡು.
ಹತ್ತಿಸುತ್ತೇನೆ. ನೀರೂ ಕೊಡುತ್ತೇನೆ.
ಮಾತ್ರೆ ಮಾತ್ರ ನಾನೇ ಎಣಿಸುತ್ತೇನೆ;
ಮೇ ತಿಂಗಳಲ್ಲಿ ನಾಲ್ಕು ಸಿಕ್ಕಿದ್ದವು
ತಲೆದಿಂಬಿನ ಬೂರುಗದ ಹತ್ತಿಯಲ್ಲಿ.
"ಹಳೆಯದು ಒಂದು ಸಲ ಹಾಕಿ ನೋಡಬೇಕಿತ್ತು," ಎಂದಿದ್ದಳು.

ಆಗಸ್ಟಿನಲ್ಲಿ ಮಾತ್ರೆ ಬದಲಿಸಿ ನೋಡುವ ಎಂದಿದ್ದಾರೆ.
ನೋಡುವ.

ಕಸುಬು ಕಲಿಸಿದ ಸೆವ್ರಿನ್ ಬಾಯಿ ಹೇಳುತ್ತಿದ್ದರು,
ಬದಿಯಲ್ಲಿ ಯಾವತ್ತೂ ಒಂದಿಂಚು ಒಳಗೆ ಬಿಡು,
ಮೈ ಯಾರ ಮಾತನ್ನೂ ಕೇಳುವುದಿಲ್ಲ.
ಬಿಡುತ್ತ ಬಂದೆ. ಈ ಬಟ್ಟೆಯಲ್ಲಿ ಅದು ಮುಗಿಯಿತು.
ಕಂಕುಳಿನಿಂದ ಕೆಳಗೆ ಸೀಳಿ
ಹಳದಿ ಪಟ್ಟಿ ಕೂರಿಸುತ್ತಿದ್ದೇನೆ,
ಬೇಕೆಂದೇ ಇಟ್ಟದ್ದು ಅನ್ನಿಸುವ ಹಾಗೆ.

ವಿಲ್ಮಾ ಫ್ಯಾನಿನ ಅಡಿಯಲ್ಲೇ ಕೂತು ಗುಂಡಿ ಹೊಲಿಯುತ್ತಾಳೆ.
ಫ್ಯಾನು ಬರೇ ತಿರುಗುತ್ತದೆ.
"ಅಕ್ಕಾ, ಗಸಿಗೆ ಕೊತ್ತಂಬರಿ ಹೆಚ್ಚಾಯ್ತು ಅವರದ್ದು,"
ಎಂದು ಹಲ್ಲಲ್ಲಿ ನೂಲು ಕಡಿಯುತ್ತಾಳೆ.