ಪರಿಚ್ಛೇದ ಏಳು

"ಎಲ್ಲಾ ಕೆಟ್ಟು ಹೋಯ್ತ್ರಿ" ಅಂದಳು ಸಾಬಮ್ಮ,
ಹೇಳುವುದು ಮುಗಿಯಿತು ಅನ್ನುವ ಹಾಗೆ ಸೆರಗು ಜಾಡಿಸಿ ಕೂತಳು.
ಕಲಬುರಗಿ ಕೋರ್ಟಿನ ಎದುರು, ಬೇವಿನ ಕೆಳಗೆ,
ತಗಡಿನ ನೆರಳಲ್ಲಿ ನನ್ನ ಟೇಬಲ್ಲು, ಕೀಬೋರ್ಡು.
ಎಂ ಅಕ್ಷರ ಒತ್ತಿದರೆ ಎರಡು ಸಲ ಬೀಳುತ್ತದೆ.
ಬಂದವರ ಮಾತನ್ನು ಇಂಗ್ಲಿಷಿಗೆ ದಾಟಿಸುತ್ತೇನೆ,
ಪುಟಕ್ಕೆ ಎಂಬತ್ತು ರೂಪಾಯಿ.

ಕೆಟ್ಟು ಹೋಯಿತು.
ಹಾಲಿಗೂ ಅದೇ ಮಾತು, ಹೊಟ್ಟೆಗೂ ಅದೇ,
ನಿಂತ ಗಡಿಯಾರಕ್ಕೂ, ಓಣಿಯ ಹುಡುಗನಿಗೂ,
ಬೀಗರ ಮನೆಯಲ್ಲಿ ಊಟ ಬಿಟ್ಟೆದ್ದ ಮನಸ್ಸಿಗೂ.
ಇಂಗ್ಲಿಷ್ ಹಾಗಲ್ಲ. ಗಂಜಿನ ಅಡತಿಯವನ ಹಾಗೆ
ಮುಷ್ಟಿ ತೊಗರಿ ಹಿಡಿದು, ಊದಿ, ಬೆಳಕಿಗೆ ನೋಡಿ,
ಬೇರೆ ಬೇರೆ ಚೀಲಕ್ಕೆ ಬೇರೆ ಬೇರೆ ದರ ಹಚ್ಚುತ್ತದೆ.
ಗೋಡೆಗೆ ಡ್ಯಾಮೇಜ್, ಮೈಗೆ ಇಂಜುರಿ, ರೊಕ್ಕಕ್ಕೆ ಲಾಸ್.
ರುಯಿನ್ ಚೀಲ ಮೂಲೆಯಲ್ಲಿರುತ್ತದೆ,
ದರ ಹೆಚ್ಚು, ಅದನ್ನು ಸುಮ್ಮನೆ ಬಿಚ್ಚುವುದಿಲ್ಲ.

"ಒಂದೊಂದೇ ಹೇಳವ್ವಾ" ಅಂದೆ.

ಪಕ್ಕದ ಜಾಗದಲ್ಲಿ ನೆಲಮಾಳಿಗೆ ತೋಡಿದರು,
ಹಗಲೂ ರಾತ್ರಿ ಮಷೀನು.
ಮೊದಲು ಫರ್ಸಿ ಬಾಯಿ ಬಿಟ್ಟಿತು, ಆಮೇಲೆ ಗೋಡೆ.
ಮದುವೆ ಆರ್ಡರಿನ ಕಡಕ್ ರೊಟ್ಟಿ, ಎಂಟುನೂರು,
ಗೋಡೆಯ ಕೆಳಗೆ ಪುಡಿ.
ಬಲಗೈ ಮಣಿಕಟ್ಟು ಕೂಡಿಕೊಂಡಿದೆ, ಆದರೂ
ಬಡಿದ ರೊಟ್ಟಿ ದುಂಡಗಾಗುವುದಿಲ್ಲ,
ಒಂದು ಕಡೆ ಕಿವಿ ಬರುತ್ತದೆ.
ತೋಡಿಸಿದವನು ವಿಠೋಬ, ಕಾಲೇಜಿನ ದಿನಗಳಲ್ಲಿ
ಎರಡು ವರ್ಷ ಇವಳ ಖಾನಾವಳಿಯಲ್ಲೇ ಉದ್ರಿ ಉಂಡವನು.
"ಈಗ ಎದುರಾದ್ರ ಮಾರಿ ಹೊಳ್ಳಸ್ತಾನ."
ಇದನ್ನು ಯಾವ ಚೀಲಕ್ಕೆ ಸುರಿಯಲಿ?

ನನ್ನ ಮೇಲೆ ಹಳೆಯ ಬಾಕಿಯೊಂದಿದೆ.
ಇಮಾಮಸಾಬ, ಬಾಡಿಗೆ ಸೈಕಲ್ಲಿನ ಅಂಗಡಿ, ಬೆಂಕಿ.
"ಬರಬಾದ್ ಆದೆ ಅಕ್ಕಾ" ಅಂದಿದ್ದ.
ಆಗ ಹೊಸಬಳು ನಾನು, ಅಚ್ಚುಕಟ್ಟಿನ ಹುಚ್ಚು,
ಲಾಸ್ ಅಂತ ಬರೆದೆ.
ಲಾಸ್ ಅಂದ ಮೇಲೆ ಎಷ್ಟು ಅಂತ ಕೇಳದೆ ಇರುತ್ತಾರೆಯೇ?
ಹನ್ನೊಂದು ಸೈಕಲ್, ಒಂದು ಪಂಪು. ಕೂಡಿಸಿದರು, ಕೊಟ್ಟರು.
ಇಪ್ಪತ್ತಾರು ವರ್ಷ ಪಟ್ಟಿಯಲ್ಲಿ ಇರಲಿಲ್ಲ.
ಅವನು ನನ್ನನ್ನು ಬೈಯಲಿಲ್ಲ,
ಇಂಗ್ಲಿಷ್ ಓದಲು ಬರುತ್ತಿರಲಿಲ್ಲ ಅವನಿಗೆ.
ಈಗಲೂ ಎದುರಾದರೆ ಸಲಾಂ ಹೇಳುತ್ತಾನೆ.

ಅದಕ್ಕೇ ಈ ಸಲ ಕೈ ಬಿಚ್ಚಿ ಬರೆದೆ.
ಪರಿಚ್ಛೇದ ಏಳು: ಅರ್ಜಿದಾರಳ ಮನೆ ರುಯಿನ್ಡ್.
ಮುಂದೆ ಟೋಟಲಿ ಅಂತಲೂ ಸೇರಿಸಿದೆ.
ವಕೀಲರು ಮೆಚ್ಚುತ್ತಾರೆ, ಲಕ್ಷ ದಾಟಬಹುದು.

"ಏನ್ ಬರದಿ? ನಮ್ಮ ಮಾತಿನ್ಯಾಗ ಹೇಳು."
ಹೋದ ಮಾತನ್ನು ವಾಪಸು ಕರೆದೆ.
"ಮನಿ ಪೂರ್ತಿ ಹಾಳಾಗ್ಯದ ಅಂತ."

ಸಾಬಮ್ಮ ದಡಕ್ಕನೆ ಎದ್ದಳು.
"ಹಾಳು ಅಂತಿ? ದೀಪ ಹಚ್ಚೋ ಹೊತ್ತಿನ್ಯಾಗ?
ನಮ್ಮನ್ಯಾಗ ಇನ್ನಾ ಒಲಿ ಉರಿಲಾಕತ್ಯದ.
ತೊಟ್ಟಿಲಾಗ ಕೂಸದ. ತಗಿ, ಮೊದಲ ಅದನ್ನ ತಗಿ."
ರೊಕ್ಕ ಕಡಿಮೆ ಬರ್ತದವ್ವಾ ಅಂದೆ.
"ಬರ್ಲಿ. ಕೆಟ್ಟದ್ದು ನೆಟ್ಟಗಾಗ್ತದ.
ಹಾಳಾದದ್ದು..."
ಉಳಿದದ್ದು ಅವಳ ಬಾಯಿಂದ ಬರಲಿಲ್ಲ.
ಎಡಗೈಯಿಂದ ನನ್ನ ಟೇಬಲ್ಲಿನ ಮರ ಮುಟ್ಟಿದಳು.

ಅಳಿಸಿದೆ. ಟೋಟಲಿಯನ್ನೂ ಅಳಿಸಿದೆ.
ಖಾಲಿ ಜಾಗದಲ್ಲಿ ಗೆರೆ ಮಿನುಗುತ್ತಿತ್ತು,
ಅಡತಿಯವನು ಕೂಗಿದ ದರಕ್ಕೆ ಇನ್ನೊಬ್ಬ ಕೂಗಲಿ ಅಂತ ಕಾಯುವ ಹಾಗೆ.
ಕೊನೆಗೆ ಡ್ಯಾಮೇಜ್ ಅಂತಲೇ ಒತ್ತಿದೆ.
ಎಂ ಎರಡು ಸಲ ಬಿತ್ತು.

ಸಾಬಮ್ಮ ಎಂಬತ್ತು ರೂಪಾಯಿ ಎಣಿಸುತ್ತಿದ್ದಳು,
ಎಡಗೈ, ನಿಧಾನ.
ಹೆಚ್ಚಾದ ಆ ಒಂದು ಅಕ್ಷರವನ್ನು ತೆಗೆಯದೆ
ಪ್ರಿಂಟಿಗೆ ಕೊಟ್ಟೆ.