ತೊಳೆದ ಎಲೆ

ನದಿ ಕಾಣದ ಊರು ನಮ್ಮದು, ವುಜ್.
ಹೆಸರಿನ ಅರ್ಥ ಮಾತ್ರ ದೋಣಿ.
ಇದ್ದ ಹೊಳೆಗಳನ್ನೆಲ್ಲ ಹಿಂದಿನವರು
ಇಟ್ಟಿಗೆಯ ಕೊಳವೆಗೆ ತುರುಕಿ ಮೇಲೆ ಟ್ರಾಮು ಓಡಿಸಿದರು.
ಗಿರಣಿಯ ಹಿಂದೆ ಬಯಲಿಗೆ ಬರುವ ಒಂದು ತುಣುಕನ್ನು
ಶಾಲೆಯಿಂದ ಬರುವಾಗ ಇಣುಕಿ ನೋಡುತ್ತಿದ್ದೆ:
ಸೋಮವಾರ ನೀಲಿ, ಗುರುವಾರ ಕಡುಗೆಂಪು,
ಒಮ್ಮೊಮ್ಮೆ ಯಾರ ತಪ್ಪಿಗೋ ಕಂದು.
ಬಣ್ಣದ ಮನೆಯಲ್ಲಿ ಅಮ್ಮನ ಪಾಳಿ.
ಬಾಗಿಲಲ್ಲಿ ಕೈ ಹಿಂದೆ ಕಟ್ಟಿ ನಿಂತು ಕೇಳುವಳು,
"ಇವತ್ತು ಯಾವ ಬಣ್ಣ?"
ಒಂದು ದಿನವೂ ನಾನು ಸೋತಿಲ್ಲ.

ಈಗ ನನ್ನ ಪಾಳಿ. ಬಣ್ಣ ತೆಗೆಯುವುದು.

ಪಾಲಕ್ ಸೊಪ್ಪು, ಬವೂತಿ ಸಂತೆಯದು.
ಮನೆಯಲ್ಲಿ ಮಗುವಿರಬೇಕೆಂದುಕೊಂಡು ಮಾರುವವಳು
ತೂತಿಲ್ಲದ್ದನ್ನೇ ಆರಿಸಿ ಕೊಡುತ್ತಾಳೆ.
ತೊಟ್ಟಿಗೆ ಸೂಜಿ ಚುಚ್ಚಿ ಕೊಳವೆ ಕಟ್ಟಿದರೆ
ಮೇಲೆ ತೂಗುವ ಚೀಲದಿಂದ ಸಾಬೂನು ನೀರು.
ಹನಿ. ಹನಿ. ಐದು ದಿನ.
ಮೊದಲು ಅಂಚು ಪೇಲವ, ಆಮೇಲೆ ಹೊಟ್ಟೆ,
ಇಳಿದ ಹಸಿರು ಬೋಗುಣಿಯಲ್ಲಿ ಗಂಜಿಯ ಹಾಗೆ.
ಜೀವಕೋಶಗಳೆಲ್ಲ ಒಕ್ಕಲೆದ್ದು ಹೋದ ಮೇಲೆ
ಉಳಿಯುವುದು ಗೋಡೆ, ಗಳ,
ಗಾಜಿನಂಥ ಎಲೆ: ನರದಿಂದ ಕವಲು, ಕವಲಿಂದ ಕೂದಲು,
ಕೂದಲಿಂದ ಕಣ್ಣಿಗೆ ಸಿಗದ ಇನ್ನೊಂದು.
ಎಲ್ಲಾದರೂ ಸೋರುವುದೇ ನೋಡಲು ಕೆಂಪು ಶಾಯಿ ಬಿಡುತ್ತೇವೆ.
ತೊಟ್ಟಿನಿಂದ ತುದಿಯವರೆಗೆ
ಮುಚ್ಚಿಹೋದ ಹೊಳೆಯೊಂದು ಎದ್ದು ಬರುತ್ತದೆ.

ಎಲೆ ಎಲೆಯೇ, ನೋವಾಯಿತೇ ಎಂದು
ಕೇಳುವವಳಲ್ಲ ನಾನು. ಒಗೆಯುವವಳು
ಬಟ್ಟೆಯನ್ನು ಕೇಳುತ್ತಾಳೆಯೇ?

ಯಗೋದಾ, ರಸಾಯನದ ಹುಡುಗಿ, ಉಗುರು ಕಚ್ಚುವವಳು,
ಅದಕ್ಕೊಂದು ಲೇಪ ಕೊಡುತ್ತಾಳೆ, ವಿದ್ಯುತ್ತು ಹರಿಯುವಂಥದು,
ಕೂದಲಿನ ಸಾವಿರದೊಂದು ಪಾಲು ದಪ್ಪ.
ಹನ್ನೊಂದು ಸಲ ಸುಲಿದು ಬಂತು, ಈರುಳ್ಳಿ ಸಿಪ್ಪೆಯ ಹಾಗೆ.
ಹನ್ನೆರಡನೆಯದು ಅಂಟಿತು. ಯಾಕೆಂದು ಅವಳಿಗೂ ಗೊತ್ತಿಲ್ಲ;
ವರದಿಯಲ್ಲಿ ಗೊತ್ತಿರುವ ಹಾಗೆ ಬರೆದಿದ್ದಾಳೆ.

ಕೋಶಗಳು ಬರುವುದು ಮೂರನೇ ಮಹಡಿಯಿಂದ.
ಹೆಸರಿಲ್ಲದ ಯಾರದೋ ತೋಳಿನ ಚರ್ಮವನ್ನು
ಹಿಂದೆ ಹಿಂದೆ ನಡೆಸಿ ಗರ್ಭದ ಹೊಸ್ತಿಲಿಗೆ ಮುಟ್ಟಿಸಿ,
ಅಲ್ಲಿಂದ ಎದೆಯ ದಾರಿ ತೋರಿಸಿದ್ದು.
ಎಲೆಯ ಮೇಲೆ ಬಿತ್ತಿ ಮುಚ್ಚಿಟ್ಟೆವು.

ಬೆಳಗಿನ ಜಾವ ನಾಲ್ಕೂ ಹತ್ತಕ್ಕೆ
ಸೂಕ್ಷ್ಮದರ್ಶಕದ ಕೆಳಗೆ ಒಂದು ಮೂಲೆ ತುಡಿಯಿತು.
ಮೇಜು ಅಲುಗಿರಬೇಕೆಂದುಕೊಂಡೆ. ಕೈ ನಡುಗಿರಬೇಕು.
ಕೈ ಹಿಂದೆ ಕಟ್ಟಿಕೊಂಡು ನೋಡಿದೆ.
ಆ ಮೂಲೆ, ಈ ಮೂಲೆ, ತಾಳ ತಪ್ಪಿದ ಎರಡು ಮೇಳ;
ಆಮೇಲೆ ಲೇಪದ ಗುಂಟ ಸುದ್ದಿ ಹರಿದು
ಇಡೀ ಎಲೆ, ಒಟ್ಟಿಗೆ.
ಗಾಳಿಯಾಡದ ಕೋಣೆಯಲ್ಲಿ
ಎಲೆಯೊಂದು ತಾನಾಗಿ ಅಲುಗಿತು.

ಹತ್ತೊಂಬತ್ತು ದಿನ. ಇಪ್ಪತ್ತರಂದು ನಿಂತಿತು.
ಮನುಷ್ಯರ ಎದೆಗೆ ಹೊಲಿಯುವ ತೇಪೆಯಾಗಲು
ಇನ್ನೆಷ್ಟು ವರ್ಷವೆಂದರೆ ಪ್ರೊಫೆಸರು ಕನ್ನಡಕ ಒರೆಸುತ್ತಾರೆ.
ಪ್ರಬಂಧದಲ್ಲಿ ಹದಿನಾಲ್ಕು ಹೆಸರು.
ಕೊನೆಗೆ ಕೃತಜ್ಞತೆಯ ಸಾಲಿನಲ್ಲಿ ನಾನು:
ಅಕ್ಷರದ ಮೇಲಿನ ಅಡ್ಡಗೆರೆ ಬಿಟ್ಟುಹೋಗಿ
ಬೊಗುಮಿವಾ ಬೊಗುಮಿಲಾ ಆಗಿದ್ದಾಳೆ.

ಅಮ್ಮನ ಎದೆಯಲ್ಲಿ ನಾಣ್ಯದಗಲ ಜಾಗ ಸತ್ತಿದೆ,
ಹೋದ ಚಳಿಗಾಲದಿಂದ. ಅದರ ಪಾಲನ್ನೂ
ಸುತ್ತಲಿನದು ದುಡಿಯುತ್ತಿದೆ.
ಎಲೆಯ ವಿಷಯ ಅವಳಿಗೆ ಹೇಳಿಲ್ಲ. ಆಸೆ ತೋರಿಸಿ
ಹತ್ತೊಂಬತ್ತು ದಿನ ಎನ್ನುವುದು ಹೇಗೆ?
ಮಿಕ್ಕ ಸೊಪ್ಪನ್ನು ಬೆಳ್ಳುಳ್ಳಿ ಹಾಕಿ ಬಾಡಿಸಿ
ಬಡಿಸುವಾಗ ನನ್ನ ಮಣಿಕಟ್ಟು ಹಿಡಿದು
ದೀಪಕ್ಕೊಡ್ಡಿ ತಿರುಗಿಸಿ ನೋಡುತ್ತಾಳೆ:
"ಇವತ್ತು ಯಾವ ಬಣ್ಣ?"
"ಬಣ್ಣ ಇಲ್ಲಮ್ಮ. ತೆಗೆಯುವುದೇ ಕೆಲಸ."

ಅಗಿಯುತ್ತಾಳೆ ಗೆನೊವೆಫಾ,
ಮೂವತ್ತೊಂದು ವರ್ಷ ತೊಟ್ಟಿಯ ಹಬೆಯಲ್ಲಿ ನಿಂತವಳು.
"ಪೂರ್ತಿ ಹೋಗುವುದಿಲ್ಲ. ಅಂಚು ನೋಡು,
ಅಂಚಿನಲ್ಲಿ ಉಳಿದೇ ಇರುತ್ತದೆ."
ಇನ್ನೊಂದು ತುತ್ತು.
"ಉಪ್ಪು ಕಡಿಮೆ," ಎನ್ನುತ್ತಾಳೆ.
ಯಾವುದಕ್ಕೆಂದು ಹೇಳುವುದಿಲ್ಲ.