ಎಂಟು ಗ್ರೋಸು ಜಿಪ್ಪು

ಮಾರ್ಚ್ ಮೂವತ್ತು, ರಾತ್ರಿ ಒಂಬತ್ತಾಗಿತ್ತು.
ಶಟರು ಅರ್ಧ ಎಳೆದಿದ್ದೆ. ಅದರಡಿ ಬಗ್ಗಿ ಬಂದ ಗಾದಿಲಿಂಗಪ್ಪ:
"ಹನ್ನೊಂದು ಸಾವಿರದ ನಾನೂರಕ್ಕೆ ಏನರ ಕೊಡು."
ಏನು ಬೇಕು, ಅಂದೆ.
"ಏನರ."

ಹಿತ್ತಾಳೆ ಜಿಪ್ಪು ಕೊಟ್ಟೆ, ಏಳಿಂಚಿನವು, ಎಂಟು ಗ್ರೋಸು.
ಒಂದಕ್ಕೆ ಹತ್ತರಂತೆ ನೂರಿಪ್ಪತ್ತು ಜಾಸ್ತಿಯೇ ಆಯಿತು.
ಅವನು ಚೌಕಾಸಿ ಮಾಡಲಿಲ್ಲ;
ಬಳ್ಳಾರಿಯಲ್ಲಿ ಜೀನ್ಸು ಹೊಲಿಸುವವನು ಚೌಕಾಸಿ ಮಾಡದ್ದನ್ನು
ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಕಂಡೆ.

ಕಾರ್ಡು ತೆಗೆದ. ಕರಿಯದು, ತಗಡಿನದು.
ಗಾಜಿನ ಮೇಲಿಟ್ಟರೆ ಟಣ್ ಎಂದಿತು.
ಅದಿರಿನ ಊರು, ಕಬ್ಬಿಣದ ಸದ್ದು ನಮಗೆ ಹೊಸದಲ್ಲ,
ಆದರೂ ಕೆಲಸದ ಹುಡುಗ ತಿರುಗಿ ನೋಡಿದ.

"ಮೂರು ತಿಂಗಳಿಗೆ ಇಷ್ಟು ಅಂತ ಉಜ್ಜಿದರೆ
ಏರ್‌ಪೋರ್ಟಿನಾಗ ಲೌಂಜು ಬಿಟ್ಟಿ.
ಸೋಫಾ, ಎಸಿ, ತಿಂದಷ್ಟು ಊಟ.
ವರ್ಷದ ಫೀಸು ಹತ್ತು ಸಾವಿರ, ಮೇಲೆ ಜಿಎಸ್‌ಟಿ,
ಅದೊಂದು ಬಿಟ್ಟರೆ ಪೂರಾ ಬಿಟ್ಟಿ."

ಮರುದಿನ ಮೆಸೇಜು ಬಂತು:
ನೂರಕ್ಕೆ ಎರಡರಂತೆ ಬ್ಯಾಂಕು ಹಿಡಿದುಕೊಂಡದ್ದು
ಇನ್ನೂರ ಮೂವತ್ತು ರೂಪಾಯಿ ನಲವತ್ತು ಪೈಸೆ.
ಸಿಟ್ಟಾಗಲಿಲ್ಲ. ನಾನೇನು ಛತ್ರ ಇಟ್ಟಿಲ್ಲ.
ದಾರದ ರೀಲಿನ ಮೇಲೆ ಮೂವತ್ತೆಂಟು ಇದ್ದದ್ದನ್ನು
ಮೂವತ್ತೊಂಬತ್ತು ಮಾಡಿದೆ.

ಕೌಲ್‌ಬಜಾರಿನ ರಸೂಲ್‌ಬೀ ಬಂದಳು,
ಜೇಬು ಹೊಲಿಯುವವಳು, ಪೀಸಿಗಿಷ್ಟು ಎಂದು.
ಮಗಳ ಹಳೇ ಕಂಪಾಸ್ ಡಬ್ಬಿಯಲ್ಲಿ ದುಡ್ಡು.
ಮೂವತ್ತೆಂಟು ಎಣಿಸಿಟ್ಟು, ರೀಲು ನೋಡಿ, ಇನ್ನೊಂದು ಇಟ್ಟಳು.
"ಹತ್ತಿ ಏರ್ತೇನ್ರಿ?"
ಹ್ಞೂಂ, ಅಂದೆ.
ಈ ಇಡೀ ಲೆಕ್ಕದಲ್ಲಿ ಸುಳ್ಳು ಅದೊಂದೇ.

ಜೂನಿನಲ್ಲಿ ಅವನು ಹೈದರಾಬಾದಿಗೆ ಹೋಗಿ ವಿಮಾನ ಹತ್ತಿ ಬಂದ.
ಬ್ರೂಸ್‌ಪೇಟೆಯ ಗಾಡಿ ಮುಂದೆ ಸಿಕ್ಕ,
ಕೈಯಲ್ಲಿ ಒಗ್ಗರಣಿ, ಎರಡು ಮಿರ್ಚಿ, ನಲವತ್ತು ರೂಪಾಯಿ ನಗದು.
ಹೆಂಗಿತ್ತಪಾ ಲೌಂಜು?
"ಹೊರಗೆ ಸಾಲು, ಮೂವತ್ತೈದು ನಿಮಿಷ.
ಎಲ್ಲರ ಕೈಯಾಗೂ ಕರೀ ಕಾರ್ಡು.
ಒಳಗ ಹನ್ನೊಂದು ನಿಮಿಷ.
ಎರಡು ಇಡ್ಲಿ ಸಿಕ್ಕವು. ಚಟ್ನಿ ಖಾಲಿ."
ಮಿರ್ಚಿಯ ತುದಿ ಕಚ್ಚಿ, ತೊಟ್ಟು ಬಿಸಾಕಿ,
"ಸೋಫಾದಾಗ ಯಾರದೋ ಬ್ಯಾಗು ಕುಂತಿತ್ತು," ಅಂದ.

ಮುಂದಿನ ಮೂರು ತಿಂಗಳಿಗೆ ಉಜ್ಜಬೇಕಾದದ್ದು ದುಪ್ಪಟ್ಟಂತೆ.
ಬಹಳ ಜನ ತಿನ್ನುತ್ತಾರಲ್ಲ,
ತಲೆಗಿಷ್ಟು ಅಂತ ಲೌಂಜಿನವನಿಗೆ ಬ್ಯಾಂಕೇ ಕಟ್ಟಬೇಕು.
ಬ್ಯಾಂಕು ಎಲ್ಲಿಂದ ಕಟ್ಟುತ್ತದೆ ಅಂತ ಅವನು ಕೇಳಲಿಲ್ಲ,
ನಾನು ಹೇಳಲಿಲ್ಲ.

ಆದರೆ ಗಲ್ಲಾ ಮುಚ್ಚುವಾಗ ಯೋಚನೆ ಬರುತ್ತದೆ:
ಕಂಪಾಸ್ ಡಬ್ಬಿಯಿಂದ ಎದ್ದ ಆ ಒಂದು ರೂಪಾಯಿ
ನನ್ನ ಮೆಷಿನ್ನು ದಾಟಿ, ಬ್ಯಾಂಕು ದಾಟಿ,
ಸಾಲು ನಿಲ್ಲದೆ, ಬೋರ್ಡಿಂಗ್ ಪಾಸು ತೋರಿಸದೆ
ಒಳಗೆ ಹೋಗಿ ಕೂತಿರಬೇಕು.
ಅವನ ಕಾರ್ಡೂ ಅಷ್ಟೇ,
ಅವಳು ಹೊಲಿದ ಜೇಬಿನಲ್ಲೇ ತಿರುಗುತ್ತದೆ.

ಆಗಸ್ಟಿನಲ್ಲಿ ಜಿಪ್ಪು ವಾಪಸು ತಂದ,
ಎಂಟರಲ್ಲಿ ಏಳು ಗ್ರೋಸಿನ ಪ್ಲಾಸ್ಟಿಕ್ಕು ಒಡೆದಿರಲಿಲ್ಲ.
ಈಗಿನ ಹುಡುಗರಿಗೆ ಸೊಂಟಕ್ಕೆ ಎಲಾಸ್ಟಿಕ್ಕು ಬೇಕಂತೆ.
ತಗೊಳ್ಳಲಿಕ್ಕೆ ಆಗಲ್ಲ ಅಂದೆ.
ಇಡ್ಲಿ ಕರಗಿ ಎರಡು ತಿಂಗಳಾಯಿತು.

ಅದೇ ವಾರ ಬ್ಯಾಂಕಿನ ಹುಡುಗನೊಬ್ಬ ಬಂದ,
ನೀಲಿ ಟೈ, ಬೆವರಿಗೆ ಕತ್ತಿಗಂಟಿದ ಕಾಲರು.
ಕೋಟೆಗುಡ್ಡ ಹೆಂಚಿನ ಹಾಗೆ ಕಾದಿತ್ತು; ನೀರು ಕೊಟ್ಟೆ.
"ಸರ್, ನಿಮಗೆ ಮೊದಲ ವರ್ಷ ಫೀಸಿಲ್ಲ."
ವಿಮಾನ ಹತ್ತಿಲ್ಲ ಮಾರಾಯ, ಅಂದೆ.
"ಹತ್ತುತ್ತೀರಿ ಸರ್."

ಅವನು ಅಂದ ರೀತಿಗೋ ಏನೋ, ಸಹಿ ಹಾಕಿದೆ.
ಪೆನ್ನು ಮರೆತು ಹೋಗಿದ್ದಾನೆ.
ಚೆನ್ನಾಗಿ ಬರೆಯುತ್ತದೆ, ರೀಲಿನ ನುಣುಪು ರಟ್ಟಿನ ಮೇಲೂ.